ಕೈ ತೊಳೆಯಲು ಹೇಳಿದ ವೈದ್ಯ

ಇಗ್ನಾಜ್ ಸೆಮೆಲ್‌ವೈಸ್ 1818ರಲ್ಲಿ ಹಂಗೇರಿಯ ಬುಡಾ ಪಟ್ಟಣದಲ್ಲಿ ಜನಿಸಿದರು. ಕಾನೂನು ಓದಲು ವಿಯೆನ್ನಾ ನಗರಕ್ಕೆ ಹೋದವರು ವೈದ್ಯರಾದರು.

1846ರಲ್ಲಿ ಅವರು ಅಲ್ಲಿನ ದೊಡ್ಡಾಸ್ಪತ್ರೆಯ ಹೆರಿಗೆ ವಿಭಾಗಕ್ಕೆ ಸೇರಿದರು. ಅಲ್ಲಿ ಎರಡು ವಾರ್ಡುಗಳಿದ್ದವು. ಒಂದರಲ್ಲಿ ವೈದ್ಯ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು ಹೆರಿಗೆ ಮಾಡಿಸುತ್ತಿದ್ದರು. ಆ ವರ್ಷ ವಿದ್ಯಾರ್ಥಿಗಳ ವಾರ್ಡಿನಲ್ಲಿ ನೂರಕ್ಕೆ ಸುಮಾರು 11 ತಾಯಂದಿರು ನಂಜಿನ ಜ್ವರದಿಂದ ಸತ್ತರು. ಸೂಲಗಿತ್ತಿಯರ ವಾರ್ಡಿನಲ್ಲಿ 3ಕ್ಕಿಂತ ಕಡಿಮೆ. ಓದಿದವರ ಕೈಯಲ್ಲೇ ಸಾವು ಹೆಚ್ಚು! ಹಸುಗೂಸುಗಳೂ ಅದೇ ನಂಜಿನಿಂದ ಸಾಯುತ್ತಿದ್ದವು. ಇದೇಕೆಂದು ಸೆಮೆಲ್‌ವೈಸರಿಗೆ ನಿದ್ದೆ ಬರಲಿಲ್ಲ.

1847ರಲ್ಲಿ ಅವರ ಗೆಳೆಯರೊಬ್ಬರಿಗೆ ಶವಪರೀಕ್ಷೆಯ ವೇಳೆ ಚಾಕು ತಗುಲಿತು. ಅವರು ಜ್ವರ ಬಂದು ತೀರಿಕೊಂಡರು. ದೇಹದಲ್ಲಿ ಬಾಣಂತಿಯರ ರೋಗದ ಗುರುತುಗಳೇ ಕಂಡವು. ಆಗ ಗುಟ್ಟು ತಿಳಿಯಿತು. ವಿದ್ಯಾರ್ಥಿಗಳು ಹೆಣ ಕೊಯ್ದು ನೇರವಾಗಿ ಹೆರಿಗೆಗೆ ಬರುತ್ತಿದ್ದರು. ಅವರ ಕೈಯ ನಂಜು ತಾಯಿಯ ರಕ್ತಕ್ಕೆ, ಅಲ್ಲಿಂದ ಹೊಟ್ಟೆಯೊಳಗಿನ ಕೂಸಿನ ರಕ್ತಕ್ಕೆ ಸೇರುತ್ತಿತ್ತು.

ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆದೇ ಒಳಗೆ ಬರಬೇಕೆಂದು ಅವರು ಕಟ್ಟಪ್ಪಣೆ ಮಾಡಿದರು. ನಮ್ಮ ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿ ಅದೇ ಬಗೆಯದು. 1848ರಲ್ಲಿ ಸಾವು ನೂರಕ್ಕೆ ಸುಮಾರು ಒಂದಕ್ಕೆ ಇಳಿಯಿತು. ಇಂದಿಗೂ ಎಳೆಗೂಸುಗಳ ತುರ್ತು ಚಿಕಿತ್ಸೆಯ ಕೊಠಡಿಗೆ ಹೋಗುವ ದಾದಿ, ತಾಯಿ ಎಲ್ಲರೂ ಮೊದಲು ಕೈ ತೊಳೆಯುತ್ತಾರೆ. ಕೂಸಿನ ರಕ್ತನಾಳಕ್ಕೆ ಹಾಕಿದ ಸಣ್ಣ ಕೊಳವೆಯ ಮೂಲಕವೂ ರೋಗಾಣು ರಕ್ತಕ್ಕೆ ಸೇರಬಲ್ಲದು.

ಆದರೆ ಹಿರಿಯ ವೈದ್ಯರಲ್ಲಿ ಬಹಳಷ್ಟು ಜನ ಅವರನ್ನು ನಂಬಲಿಲ್ಲ. ಸೆಮೆಲ್‌ವೈಸರೂ ಸಿಟ್ಟಿನ ಮನುಷ್ಯ. ತಮ್ಮ ಗ್ರಂಥವನ್ನು ತಡವಾಗಿ ಬರೆದರು, ಒಪ್ಪದವರಿಗೆ ಕಟುವಾದ ಪತ್ರ ಬರೆದರು. 1865ರಲ್ಲಿ ವಿಯೆನ್ನಾದ ಮಾನಸಿಕ ಆಸ್ಪತ್ರೆಯಲ್ಲಿ, ಗಾಯದ ನಂಜು ರಕ್ತಕ್ಕೇರಿ, 47ನೆಯ ವಯಸ್ಸಿನಲ್ಲಿ ತೀರಿಕೊಂಡರು. 1879ರಲ್ಲಿ ಲೂಯಿ ಪಾಶ್ಚರ್ ಬಾಣಂತಿ ನಂಜಿನ ರೋಗಾಣುವನ್ನು ತೋರಿಸಿಕೊಟ್ಟರು.