ಮಕ್ಕಳ ಲೋಕದಲ್ಲಿ ಶಿವರಾಮ ಕಾರಂತರು

ಕಡಲ ತಡಿಯ ಭಾರ್ಗವರೆಂದು ನಾಡಿನ ಜನರಿಂದ ಕರೆಯಿಸಿಕೊಂಡ ಡಾ. ಕೋಟ ಶಿವರಾಮ ಕಾರಂತರನ್ನು ಬಲ್ಲವರಲ್ಲಿ ಹೆಚ್ಚಿನವರು ಕಾದಂಬರಿಕಾರರೆಂದೇ ಬಲ್ಲರು. ಚೋಮನ ದುಡಿ, ಮರಳಿ ಮಣ್ಣಿಗೆ, ಬೆಟ್ಟದ ಜೀವ, ಮೂಕಜ್ಜಿಯ ಕನಸುಗಳು ಎಂಬ ಹೆಸರುಗಳನ್ನು ಕೇಳದ ಕನ್ನಡಿಗರು ವಿರಳ. ಯಕ್ಷಗಾನದ ಅಭಿಮಾನಿಗಳಿಗೆ ಅವರು ಆ ಕಲೆಯ ಸಂಶೋಧಕರು. ಪರಿಸರಪ್ರೇಮಿಗಳಿಗೆ ಕಾಡು ಹೊಳೆಗಳ ಪರವಾಗಿ ನಿಂತ ಹಿರಿಯರು. ಆದರೆ ತಾರುಣ್ಯದ ಅತ್ಯುತ್ತಮ ವರ್ಷಗಳನ್ನೂ, ಕೈಯಲ್ಲಿದ್ದ ಹಣವನ್ನೂ, ಸಾಲವಾಗಿ ತಂದ ಹಣವನ್ನೂ ಅವರು ಎಳೆಯ ಮಕ್ಕಳಿಗಾಗಿ ವ್ಯಯಿಸಿದರೆಂಬ ಸಂಗತಿ ಅಷ್ಟಾಗಿ ಪ್ರಚಾರಕ್ಕೆ ಬರಲಿಲ್ಲ. ಮಗು ಹೇಗೆ ಆಲೋಚಿಸುತ್ತದೆ, ಹೇಗೆ ಕಲಿಯುತ್ತದೆ, ಜೊತೆಗಾರರೊಡನೆ ಆಡುವಾಗ ಅದರ ಮನಸ್ಸಿನಲ್ಲಿ ಏನು ನಡೆಯುತ್ತದೆ ಎಂಬ ಪ್ರಶ್ನೆಗಳನ್ನು ಕನ್ನಡ ನೆಲದಲ್ಲಿ ಕೃತಿಯ ಮೂಲಕ ಕೇಳಿದ ಮೊದಲಿಗರಲ್ಲಿ ಅವರೊಬ್ಬರು.

ಕಾರಂತರು ಜನಿಸಿದ್ದು 1902ರ ಅಕ್ಟೋಬರ್ 10ರಂದು, ದಕ್ಷಿಣ ಕನ್ನಡದ ಕೋಟದಲ್ಲಿ. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮನವರು. ಕುಂದಾಪುರದಲ್ಲಿ ಪ್ರೌಢಶಾಲೆಯ ವ್ಯಾಸಂಗ ಮುಗಿಸಿ ಮಂಗಳೂರಿನ ಸರಕಾರಿ ಕಾಲೇಜನ್ನು ಸೇರಿದ ಅವರು, ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಓದನ್ನು ಅಲ್ಲಿಗೇ ನಿಲ್ಲಿಸಿದರು. ಖಾದಿ ಪ್ರಚಾರ, ಸಮಾಜ ಸುಧಾರಣೆ, ಪತ್ರಿಕೆ, ನಾಟಕ ಎಂದು ಕೆಲವು ಕಾಲ ಊರೂರು ಸುತ್ತಿದರು. ಪದವಿಯಿಲ್ಲದ ಈ ವ್ಯಕ್ತಿ ಮುಂದೆ ಶಿಕ್ಷಣವನ್ನೇ ತಮ್ಮ ಪ್ರಯೋಗದ ವಿಷಯವನ್ನಾಗಿ ಮಾಡಿಕೊಂಡದ್ದು ಸ್ವಾರಸ್ಯಕರ. ಪರೀಕ್ಷೆಯ ಭಯವಿಲ್ಲದೆಯೂ ಮನುಷ್ಯನು ಕಲಿಯಬಲ್ಲನೆಂಬುದಕ್ಕೆ ಅವರಿಗೆ ಅವರೇ ನಿದರ್ಶನವಾಗಿದ್ದರು.

ಅಲೆದಾಟದ ಬಳಿಕ ಅವರು ನೆಲೆನಿಂತದ್ದು ಪುತ್ತೂರಿನಲ್ಲಿ. ಸಹಕಾರ ಚಳವಳಿಯ ಧುರೀಣರಾದ ಮೊಳಹಳ್ಳಿ ಶಿವರಾಯರ ಸ್ನೇಹ ಅಲ್ಲಿ ಅವರಿಗೆ ದೊರೆಯಿತು. 1930ರ ದಶಕದಲ್ಲಿ ದಸರಾ ಸಂದರ್ಭದ ನಾಡಹಬ್ಬಗಳ ಜೊತೆಜೊತೆಗೆ ಮಕ್ಕಳ ಕೂಟಗಳು ನಡೆದವು. ಹಾಡು, ಕುಣಿತ, ನಾಟಕ, ಕಥೆಗಳು ಅಲ್ಲಿನ ಪಾಠಗಳು. ಕಾರಂತರು ಮಕ್ಕಳ ನಡುವೆ ನಿಂತು ತಾವೂ ಕುಣಿದರು. ಬಣ್ಣ ಹಚ್ಚಿದರು, ಚಿತ್ರ ಬರೆದರು. ಮಾಸ್ತರರೆಂದರೆ ಬೆತ್ತ, ಶಾಲೆಯೆಂದರೆ ಬಾಯಿಪಾಠ ಎಂದಿದ್ದ ಕಾಲವದು. ಗೃಹಸ್ಥರಾದವರೊಬ್ಬರು ಮಕ್ಕಳೊಡನೆ ಕುಣಿಯುವುದೇ ಹಲವರ ಕಣ್ಣಿಗೆ ಅಗೌರವವಾಗಿ ತೋರುತ್ತಿತ್ತು; ಹೆಣ್ಣುಮಕ್ಕಳು ರಂಗವೇರಿ ನರ್ತಿಸುವುದಂತೂ ಸಹಿಸಲಾಗದ ಮಾತಾಗಿತ್ತು. ಈ ನೃತ್ಯ ನಾಟಕಗಳ ಮೂಲಕವೇ ಪರಿಚಿತರಾದ ಲೀಲಾ ಆಳ್ವರನ್ನು ಕಾರಂತರು 1936ರಲ್ಲಿ ಜಾತಿಯ ಕಟ್ಟನ್ನು ಮೀರಿ ವಿವಾಹವಾದಾಗ ಊರವರ ಅಸಮಾಧಾನ ಇನ್ನಷ್ಟು ಹೆಚ್ಚಿತು. ಲೀಲಾ ಕಾರಂತರು ಮಾತ್ರ ಪತಿಯ ಎಲ್ಲ ಸಾಹಸಗಳಿಗೂ ಆಧಾರಸ್ತಂಭವಾಗಿ ನಿಂತರು. ದಂಪತಿಗಳ ನಿವಾಸಕ್ಕೂ ಪ್ರಯೋಗಗಳಿಗೂ ನೆಲೆಯಾದ ಪುತ್ತೂರಿನ ಆ ತಾಣವೇ ಬಾಲವನ.

ಬಾಲವನದ ಚಿಂತನೆಯ ತಿರುಳು ಸರಳವಾದದ್ದು. ಆಟವು ಪಾಠದ ನಡುವಣ ಬಿಡುವಲ್ಲ. ಮಗುವಿನ ಪಾಲಿಗೆ ಆಟವೇ ಆಲೋಚನೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ತೋಟದ ನಾಡಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಪುತ್ತೂರೂ ಅಡಿಕೆಯ ಸೀಮೆಯೇ. ಮರದಿಂದ ಕಳಚಿ ಬಿದ್ದ ಅಡಿಕೆ ಹಾಳೆಯ ಮೇಲೆ ಒಂದು ಮಗು ಕುಳಿತುಕೊಳ್ಳುತ್ತದೆ, ಇನ್ನೊಂದು ಎಳೆಯುತ್ತದೆ. ಎಷ್ಟು ದೂರ ಎಳೆಯಬೇಕು, ಮುಂದಿನ ಸರದಿ ಯಾರದು, ಚಿಕ್ಕವನಿಗೆ ಎಷ್ಟು ರಿಯಾಯಿತಿ ಎಂಬುದನ್ನೆಲ್ಲ ಯಾವ ಹಿರಿಯರೂ ಹೇಳಿಕೊಡುವುದಿಲ್ಲ. ಮಕ್ಕಳು ಜಗಳವಾಡಿ, ಮುನಿಸಿಕೊಂಡು, ಮತ್ತೆ ಕೂಡಿ ತಾವೇ ನಿಯಮ ಮಾಡಿಕೊಳ್ಳುತ್ತಾರೆ. ಭಾರ, ಇಳಿಜಾರು, ನ್ಯಾಯ ಮೂರನ್ನೂ ಆ ಹಾಳೆಯೊಂದು ಕಲಿಸುತ್ತದೆ.

ಅದೇ ಕಾಲದಲ್ಲಿ ದೂರದ ದೇಶಗಳ ವಿದ್ವಾಂಸರೂ ಇದನ್ನೇ ಶಾಸ್ತ್ರೀಯವಾಗಿ ಅಭ್ಯಸಿಸುತ್ತಿದ್ದರು. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆಯವರು ಗೋಲಿಯಾಡುವ ಹುಡುಗರ ಬಳಿ ಕುಳಿತು, ಈ ನಿಯಮಗಳು ಎಲ್ಲಿಂದ ಬಂದವು, ಇವನ್ನು ಬದಲಿಸಬಹುದೇ ಎಂದು ಪ್ರಶ್ನಿಸಿದರು. ಚಿಕ್ಕ ಮಕ್ಕಳು ನಿಯಮವನ್ನು ಹಿರಿಯರಿಂದ ಬಂದ, ಬದಲಿಸಲಾಗದ ಕಟ್ಟಳೆಯೆಂದು ತಿಳಿಯುತ್ತಾರೆಂದೂ, ಬೆಳೆದಂತೆಲ್ಲ ಅದು ಪರಸ್ಪರ ಒಪ್ಪಿಗೆಯಿಂದ ಆದದ್ದೆಂದು ಕಾಣುತ್ತಾರೆಂದೂ 1932ರ ತಮ್ಮ ಗ್ರಂಥದಲ್ಲಿ ತೋರಿಸಿದರು. ಅದೇ ವರ್ಷ ಅಮೆರಿಕದ ಮಿಲ್ಡ್ರೆಡ್ ಪಾರ್ಟನ್ ಎಂಬವರು ಶಿಶುವಿಹಾರದ ಮಕ್ಕಳನ್ನು ಅವಲೋಕಿಸಿ, ಒಂಟಿಯಾಗಿ ಆಡುವುದು, ಪಕ್ಕಪಕ್ಕದಲ್ಲಿ ಕುಳಿತರೂ ಬೇರೆಬೇರೆಯಾಗಿ ಆಡುವುದು, ಕೂಡಿ ಹಂಚಿಕೊಂಡು ಆಡುವುದು ಎಂಬ ಹಂತಗಳನ್ನು ಗುರುತಿಸಿದರು. ರಷ್ಯಾದ ವಿಗೊಟ್‌ಸ್ಕಿಯವರು 1934ರಲ್ಲಿ ಅಕಾಲ ಮರಣಕ್ಕೆ ತುತ್ತಾಗುವ ಮುನ್ನ, ಆಟದಲ್ಲಿ ಮಗು ತನ್ನ ವಯಸ್ಸಿಗಿಂತ ಒಂದು ತಲೆ ಎತ್ತರವಾಗಿ ನಿಲ್ಲುತ್ತದೆಂಬ ವಿಚಾರವನ್ನು ಮುಂದಿಟ್ಟರು. ನಮ್ಮ ದೇಶದ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರು 1920ರಿಂದಲೇ ಬಾಲಮಂದಿರವನ್ನು ನಡೆಸುತ್ತಿದ್ದರು. ಕಾರಂತರು ಇವರಂತೆ ಶಿಕ್ಷಣ ಶಾಸ್ತ್ರದ ಪಂಡಿತರಲ್ಲ, ಅವಲೋಕನೆಯ ಕೋಷ್ಟಕಗಳನ್ನು ರಚಿಸಿದವರೂ ಅಲ್ಲ. ರಂಗದ ಮೇಲೆ ಮಗುವನ್ನು ನಿಲ್ಲಿಸಿ ನೋಡಿದ ಕಲಾವಿದರು. ಆದರೂ ಎರಡು ದಾರಿಗಳು ಕೂಡಿದ್ದು ಒಂದೇ ಬಯಲಿನಲ್ಲಿ.

ಆಡುವ ಮಗು ಪ್ರಶ್ನೆ ಕೇಳುತ್ತದೆ. ಪ್ರಶ್ನೆಗೆ ಉತ್ತರ ಹೇಳುವ ಪುಸ್ತಕ ಕನ್ನಡದಲ್ಲಿ ಆಗ ಇರಲಿಲ್ಲ. ಇಂಗ್ಲಿಷಿನ ಮಕ್ಕಳಿಗೆ ಇಪ್ಪತ್ತನೆಯ ಶತಮಾನದ ಆದಿಯಲ್ಲೇ ವಿಶ್ವಕೋಶ ಒದಗಿತ್ತು. ಕನ್ನಡದ ಮಕ್ಕಳಿಗೂ ಅಂಥದು ಬೇಕೆಂದು ಕಾರಂತರು ಸಂಸ್ಥೆಯ ಬಲವಿಲ್ಲದೆ, ವಿದ್ವನ್ಮಂಡಲಿಯ ನೆರವಿಲ್ಲದೆ, 1930ರ ದಶಕದಲ್ಲಿಯೇ ಬಾಲ ಪ್ರಪಂಚವನ್ನು ರಚಿಸಿದರು. ಸಚಿತ್ರವಾದ ಮೂರು ಸಂಪುಟಗಳು! ವಿಜ್ಞಾನದ ಅನೇಕ ಸಂಗತಿಗಳಿಗೆ ಕನ್ನಡದಲ್ಲಿ ಮಾತೇ ಇಲ್ಲದಿದ್ದಾಗ, ಹತ್ತು ವರ್ಷದ ಬಾಲಕನಿಗೆ ಅರ್ಥವಾಗುವ ಮಾತನ್ನು ಹುಡುಕಬೇಕಾಗಿತ್ತು. ಪಂಡಿತರಿಗೆ ಬರೆಯುವುದಕ್ಕಿಂತ ಇದು ಕಠಿಣವಾದ ಕೆಲಸ. 1970ರ ದಶಕದಲ್ಲಿ ನಿರಂಜನರ ಸಂಪಾದಕತ್ವದಲ್ಲಿ ಕಿರಿಯರ ವಿಶ್ವಕೋಶವಾದ ಜ್ಞಾನಗಂಗೋತ್ರಿಯ ಏಳು ಸಂಪುಟಗಳು ಹೊರಬಂದಾಗ ಅದಕ್ಕಾಗಿ ಅನೇಕ ವಿದ್ವಾಂಸರು ದುಡಿದಿದ್ದರೆಂಬುದನ್ನು ನೆನೆದರೆ, ಮೂವತ್ತರ ಹರೆಯದ ಒಬ್ಬಂಟಿ ಲೇಖಕನ ಸಾಹಸದ ಪ್ರಮಾಣ ತಿಳಿದೀತು. ಅವರು ಅಲ್ಲಿಗೂ ನಿಲ್ಲಲಿಲ್ಲ. 1959ರಿಂದ ಮುಂದೆ ದೊಡ್ಡವರಿಗಾಗಿ ವಿಜ್ಞಾನ ಪ್ರಪಂಚದ ನಾಲ್ಕು ಸಂಪುಟಗಳನ್ನು ಬರೆದರು. ನಡುನಡುವೆ ಚಿಕ್ಕ ಮಕ್ಕಳಿಗಾಗಿ ಕಥೆಗಳೂ ನಾಟಕಗಳೂ ಬಂದವು.

ಬಾಲವನದ ಶಿಕ್ಷಣ ಪ್ರಯೋಗ ಬಹುಕಾಲ ಬಾಳಲಿಲ್ಲ. ಹಣದ ಮುಗ್ಗಟ್ಟು ಒಂದು ಕಾರಣ. ಮುದ್ರಣಾಲಯ, ಪ್ರಕಾಶನ, ನಾಟಕಗಳೆಂದು ಕೈ ಹಾಕಿದ ಕೆಲಸಗಳೆಲ್ಲ ಅವರ ಮೇಲೆ ಸಾಲದ ಹೊರೆಯನ್ನು ಹೊರಿಸಿದ್ದವು. ಹಣಕ್ಕಿಂತಲೂ ದೊಡ್ಡ ಕೊರತೆ ಪೋಷಕರ ವಿಶ್ವಾಸದ್ದು. ಮಗನು ಪರೀಕ್ಷೆಯಲ್ಲಿ ತೇರ್ಗಡೆಯಾಗಿ ನೌಕರಿ ಹಿಡಿಯಬೇಕೆಂಬ ತಂದೆಗೆ, ಮಗನು ಕುಣಿಯುತ್ತ ಕಲಿಯುತ್ತಾನೆಂದರೆ ಸಮಾಧಾನವಾಗುವುದು ಹೇಗೆ? ಆ ತಂದೆಯನ್ನು ದೂಷಿಸುವುದೂ ಸುಲಭವಲ್ಲ. ಬಡತನದಲ್ಲಿದ್ದವನಿಗೆ ಪ್ರಯೋಗಕ್ಕೆ ಒಡ್ಡಲು ಇರುವುದು ಒಂದೇ ಬಾಲ್ಯ. ಆ ಬಗೆಯ ವಿಶ್ವಾಸವನ್ನು ಗಳಿಸಿಕೊಳ್ಳುವ ತಾಳ್ಮೆ ಕಾರಂತರ ಸ್ವಭಾವದಲ್ಲಿ ಕಡಿಮೆಯಿತ್ತೆಂದರೆ ತಪ್ಪಾಗದು. ಒಂದು ಕೆಲಸದಿಂದ ಇನ್ನೊಂದಕ್ಕೆ ಹಾರುವ ತಮ್ಮ ಮನಸ್ಸನ್ನು ಅವರೇ ಹುಚ್ಚು ಮನಸ್ಸೆಂದು ಕರೆದು 1948ರಲ್ಲಿ ಆತ್ಮಕಥೆಗೆ ಆ ಹೆಸರನ್ನೇ ಇಟ್ಟರು. ಶಾಲೆಯನ್ನು ಕಟ್ಟಿ ಉಳಿಸಲು ಬೇಕಾದದ್ದು ಒಂದೇ ಕಡೆ ನಾಟಿದ ಮನಸ್ಸು. ಮಕ್ಕಳೊಡನೆ ಮಗುವಾಗಲು ಬೇಕಾದದ್ದು ಈ ಹುಚ್ಚು ಮನಸ್ಸು. ಎರಡೂ ಒಬ್ಬರಲ್ಲಿಯೇ ಕೂಡಿ ಬರುವುದು ಅಪರೂಪ.

ಮುಂದಿನ ದಿನಗಳಲ್ಲಿ ಗೌರವಗಳು ತಾವಾಗಿಯೇ ಅರಸಿ ಬಂದವು. 1968ರಲ್ಲಿ ಪದ್ಮಭೂಷಣ ಬಂದಿತು. ತುರ್ತುಪರಿಸ್ಥಿತಿಯನ್ನು ವಿರೋಧಿಸಿ ಅದನ್ನು ಹಿಂದಿರುಗಿಸಿದರು. 1977ರ ಸಾಲಿನ ಜ್ಞಾನಪೀಠ ಪ್ರಶಸ್ತಿ ಸಂದಿತು. ಅಷ್ಟರಲ್ಲಿ ಪುತ್ತೂರನ್ನು ಬಿಟ್ಟು ಕೋಟದ ಸಮೀಪದ ಸಾಲಿಗ್ರಾಮದಲ್ಲಿ ನೆಲೆಸಿದ್ದರು. ಉತ್ತರ ಕನ್ನಡದ ಜನ ಅವರನ್ನು ಹತ್ತಿರದಿಂದ ಕಂಡದ್ದು 1989ರಲ್ಲಿ. ಕಾಳೀ ನದಿಯ ದಡದ ಕೈಗಾದಲ್ಲಿ ಅಣುಸ್ಥಾವರ ಬೇಡವೆಂದು, ಎಂಬತ್ತೇಳರ ಆ ವೃದ್ಧರು ಈ ಜಿಲ್ಲೆಯಿಂದ ಲೋಕಸಭೆಗೆ ಸ್ಪರ್ಧಿಸಿದರು. ಸೋತರು. ಇನ್ನೂ ಹುಟ್ಟದ ಮಕ್ಕಳ ಆರೋಗ್ಯದ ಪ್ರಶ್ನೆಯೂ ಆ ವಿವಾದದಲ್ಲಿ ಅಡಗಿತ್ತು. 1997ರ ಡಿಸೆಂಬರ್ 9ರಂದು ಮಣಿಪಾಲದಲ್ಲಿ ಅವರು ಕೊನೆಯುಸಿರೆಳೆದರು.

ಅದಕ್ಕೆ ಎರಡು ವರ್ಷ ಮೊದಲು, 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸರಕಾರಿ ಶಾಲೆಗಳಲ್ಲಿ ನಲಿ-ಕಲಿ ಎಂಬ ಪದ್ಧತಿ ಆರಂಭವಾಗಿತ್ತು. ಮಕ್ಕಳು ಗುಂಪುಗಳಲ್ಲಿ ಕುಳಿತು ಹಾಡುತ್ತ, ಆಡುತ್ತ, ತಮ್ಮ ತಮ್ಮ ವೇಗದಲ್ಲಿ ಕಲಿಯುವ ಆ ಪದ್ಧತಿ ಮುಂದೆ ರಾಜ್ಯದ ಎಲ್ಲ ಸರಕಾರಿ ಪ್ರಾಥಮಿಕ ಶಾಲೆಗಳ ಕೆಳಗಿನ ತರಗತಿಗಳಿಗೆ ಹಬ್ಬಿತು. ಅದೇ 1995ರಲ್ಲಿ ಭಾರತೀಯ ಮಕ್ಕಳ ಮಾನಸಿಕ ಆರೋಗ್ಯವನ್ನು ಕುರಿತ ಇಂಗ್ಲಿಷ್ ಗ್ರಂಥವೊಂದು ಪ್ರಕಟವಾಯಿತು. ಬರೆದವರು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಕ್ಕಳ ಮನಸ್ಸನ್ನು ಅಭ್ಯಸಿಸಿದ ಪ್ರಾಧ್ಯಾಪಕಿ ಮಾಳವಿಕಾ ಕಪೂರ್, ಕಾರಂತ ದಂಪತಿಗಳ ಮಗಳು.