ದ. ರಾ. ಬೇಂದ್ರೆ: ಸೆರೆ, ನಜರಕೈದು ಮತ್ತು ಸಾಕ್ಷ್ಯಚಿತ್ರ

ದತ್ತಾತ್ರೇಯ ರಾಮಚಂದ್ರ ಬೇಂದ್ರೆ (31 ಜನವರಿ 1896 – 26 ಅಕ್ಟೋಬರ್ 1981) ನವೋದಯ ಕಾಲದ ಪ್ರಮುಖ ಕನ್ನಡ ಕವಿ. ಅಂಬಿಕಾತನಯದತ್ತ ಎಂಬುದು ಅವರ ಕಾವ್ಯನಾಮ. ಧಾರವಾಡದ ಆಡುನುಡಿಯನ್ನು ಕಾವ್ಯದ ಭಾಷೆಯಾಗಿ ನೆಲೆಗೊಳಿಸಿದ ಈ ಕವಿ ಒಂದು ಕವನದ ಕಾರಣದಿಂದ ಸೆರೆಮನೆಯನ್ನೂ, ಬಳಿಕ ಮುಗದ ಗ್ರಾಮದಲ್ಲಿ ನಜರಕೈದನ್ನೂ ಅನುಭವಿಸಿದರು. ಜೀವನೋಪಾಯಕ್ಕಾಗಿ ಹಲವು ವರ್ಷ ಊರಿನಿಂದ ದೂರ ಇರಬೇಕಾಯಿತು. ಅವರನ್ನು ಕುರಿತು ಗಿರೀಶ ಕಾರ್ನಾಡರು 1972ರಲ್ಲಿ ಒಂದು ಕಿರು ಸಾಕ್ಷ್ಯಚಿತ್ರವನ್ನು ನಿರ್ದೇಶಿಸಿದರು.

ಆರಂಭಿಕ ಜೀವನ

ಬೇಂದ್ರೆಯವರು ಧಾರವಾಡದಲ್ಲಿ ಜನಿಸಿದರು. ತಂದೆ ರಾಮಚಂದ್ರ, ತಾಯಿ ಅಂಬಿಕೆ. ಮನೆಮಾತು ಮರಾಠಿ. ತಂದೆ ಬಾಲ್ಯದಲ್ಲಿಯೇ ತೀರಿಕೊಂಡುದರಿಂದ ಬಡತನದಲ್ಲಿ ಬೆಳೆದರು. ತಾಯಿಯ ಮೇಲಿನ ಭಕ್ತಿಯೇ ಕಾವ್ಯನಾಮದಲ್ಲಿ ನೆಲೆಯಾಗಿ ನಿಂತಿದೆ. 1913ರಲ್ಲಿ ಮೆಟ್ರಿಕ್ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ, ಪುಣೆಯ ಫರ್ಗ್ಯೂಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಬಿ.ಎ. ಪದವಿ ಪಡೆದರು. ಧಾರವಾಡಕ್ಕೆ ಮರಳಿ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಶಿಕ್ಷಕರಾದರು. 1919ರಲ್ಲಿ ಲಕ್ಷ್ಮೀಬಾಯಿಯವರೊಂದಿಗೆ ವಿವಾಹವಾಯಿತು.

1922ರಲ್ಲಿ ಅವರ ಸುತ್ತ ಗೆಳೆಯರ ಗುಂಪು ರೂಪುಗೊಂಡಿತು. ವಿ. ಕೃ. ಗೋಕಾಕ, ಶಂ. ಬಾ. ಜೋಶಿ, ಆನಂದಕಂದ, ರಂ. ಶ್ರೀ. ಮುಗಳಿ ಮೊದಲಾದವರು ಈ ಗುಂಪಿನಲ್ಲಿದ್ದರು. ಮುಂಬಯಿ ಪ್ರಾಂತದ ಆಡಳಿತದಲ್ಲಿದ್ದ ಈ ಭಾಗದಲ್ಲಿ ಮರಾಠಿಯ ಪ್ರಭಾವ ಪ್ರಬಲವಾಗಿದ್ದ ಕಾಲವದು. ಅಂಥ ಸಮಯದಲ್ಲಿ ಈ ತರುಣರು ಕನ್ನಡದಲ್ಲಿ ಬರೆಯುವುದನ್ನೂ ನಾಡಿನ ಏಕೀಕರಣವನ್ನೂ ಒಂದೇ ಕೆಲಸವೆಂದು ಭಾವಿಸಿ ದುಡಿದರು.

ಸೆರೆಮನೆ ಮತ್ತು ಮುಗದದ ವಾಸ

ಬೇಂದ್ರೆಯವರ 'ಗರಿ' ಕವನ ಸಂಕಲನ 1932ರಲ್ಲಿ ಪ್ರಕಟವಾಯಿತು. ಅದರಲ್ಲಿದ್ದ 'ನರಬಲಿ' ಎಂಬ ಕವನವು ರಾಜದ್ರೋಹಕರವೆಂದು ಬ್ರಿಟಿಷ್ ಸರಕಾರಕ್ಕೆ ತೋರಿತು. ಕವಿಯನ್ನು ಬೆಳಗಾವಿಯ ಹಿಂಡಲಗಾ ಸೆರೆಮನೆಗೆ ಕಳುಹಿಸಲಾಯಿತು. ಅನಂತರ ಅವರನ್ನು ಮುಗದ ಗ್ರಾಮದಲ್ಲಿ ನಜರಕೈದಿನಲ್ಲಿ ಇರಿಸಲಾಯಿತು.

ಮುಗದವು ಧಾರವಾಡ ತಾಲೂಕಿನಲ್ಲಿ, ಲೋಂಡಾ ಕಡೆಗೆ ಹೋಗುವ ರೈಲುದಾರಿಯ ಮೇಲಿದೆ. ಭತ್ತ ಬೆಳೆಯುವ ಅರೆಮಲೆನಾಡಿನ ಊರು. ಧಾರವಾಡದಿಂದ ಹೆಚ್ಚು ದೂರವಿಲ್ಲ. ಕವಿಯನ್ನು ಸಮುದ್ರದಾಚೆಗೆ ಅಟ್ಟಿರಲಿಲ್ಲ, ಪರಭಾಷೆಯ ಸೀಮೆಗೂ ಕಳುಹಿಸಿರಲಿಲ್ಲ. ಆದರೆ ಸಮೀಪದ ಸ್ವಂತ ಊರಿಗೆ ಮನಬಂದಂತೆ ಹೋಗಿಬರುವ ಸ್ವಾತಂತ್ರ್ಯ ಇರಲಿಲ್ಲ. ಶಿಕ್ಷೆ ಮುಗಿದ ಬಳಿಕವೂ ಅದರ ಪರಿಣಾಮ ಮುಗಿಯಲಿಲ್ಲ. ರಾಜದ್ರೋಹದ ಆಪಾದನೆ ಹೊತ್ತ ಶಿಕ್ಷಕನಿಗೆ ಸ್ಥಿರವಾದ ಉದ್ಯೋಗ ದೊರೆಯುವುದು ದುರ್ಲಭವಾಗಿತ್ತು. ಹಲವು ಮಕ್ಕಳ ಅಕಾಲ ಮರಣದ ದುಃಖದ ಜೊತೆಗೆ ಈ ಸಂಕಷ್ಟವೂ ಸೇರಿತು. ಇಂಥ ದಿನಗಳಲ್ಲಿಯೇ 1935ರಲ್ಲಿ ಎಂ.ಎ. ಮಾಡಿದರು. 'ಸಖೀಗೀತ' (1937) ಮತ್ತು 'ನಾದಲೀಲೆ' (1938) ಈ ದಶಕದ ಕೃತಿಗಳು. 'ಸಖೀಗೀತ'ವು ದಾಂಪತ್ಯದ ಸುಖದುಃಖಗಳನ್ನು ಹೇಳುವ ಆತ್ಮಕಥನಾತ್ಮಕ ಕಾವ್ಯ.

ಸೊಲ್ಲಾಪುರದ ವರ್ಷಗಳು

1943ರಲ್ಲಿ ಶಿವಮೊಗ್ಗದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಬೇಂದ್ರೆಯವರು ಅಧ್ಯಕ್ಷರಾದರು. ಕಾಳಿದಾಸನ 'ಮೇಘದೂತ'ವನ್ನೂ ಅವರು ಕನ್ನಡಕ್ಕೆ ತಂದರು. ಒಡೆಯನ ಶಾಪದಿಂದ ಅಲಕಾಪುರಿಯನ್ನು ತೊರೆದು ರಾಮಗಿರಿಯಲ್ಲಿ ಕಾಲ ಕಳೆಯುವ ಯಕ್ಷನು ಮೋಡದೊಡನೆ ಮಡದಿಗೆ ಸಂದೇಶ ಕಳುಹಿಸುವ ಕಥೆ ಅದು. ಬಂಧನವನ್ನು ಕಂಡಿದ್ದ ಕವಿಯ ಕೈಯಲ್ಲಿ ಈ ಅನುವಾದಕ್ಕೆ ವಿಶೇಷ ಅರ್ಥವಿದೆ.

ಮರುವರ್ಷ, 1944ರಲ್ಲಿ, ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರ ಹುದ್ದೆ ದೊರೆಯಿತು. ಕನ್ನಡಿಗರು ಬಹುಸಂಖ್ಯೆಯಲ್ಲಿದ್ದ ಆ ನಗರದಲ್ಲಿ ಹನ್ನೆರಡು ವರ್ಷ ಬೋಧಿಸಿ 1956ರಲ್ಲಿ ನಿವೃತ್ತರಾದರು. ಅದೇ ವರ್ಷದ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದಾದವು. ಅವರು ಕನ್ನಡ ಕಲಿಸಿದ ಸೊಲ್ಲಾಪುರ ಮಾತ್ರ ಹೊಸ ರಾಜ್ಯದ ಹೊರಗೆ ಉಳಿಯಿತು. ಬೇಂದ್ರೆಯವರು ಧಾರವಾಡದ ಸಾಧನಕೇರಿಗೆ ಮರಳಿ, ಆಕಾಶವಾಣಿಯ ಧಾರವಾಡ ಕೇಂದ್ರಕ್ಕೆ ಸಲಹೆಗಾರರಾದರು.

ಸಾಕ್ಷ್ಯಚಿತ್ರ ಮತ್ತು ಅದರ ನಿರ್ದೇಶಕರು

ಭಾರತ ಸರಕಾರದ ಫಿಲ್ಮ್ಸ್ ಡಿವಿಜನ್‌ಗಾಗಿ ಬೇಂದ್ರೆಯವರ ಕುರಿತು ಚಿತ್ರ ನಿರ್ದೇಶಿಸಿದ ಗಿರೀಶ ಕಾರ್ನಾಡರು (1938–2019) ಮಾಥೇರಾನದಲ್ಲಿ ಹುಟ್ಟಿ, ಶಿರಸಿಯಲ್ಲಿಯೂ ಧಾರವಾಡದಲ್ಲಿಯೂ ಬೆಳೆದವರು. ಕರ್ನಾಟಕ ಕಾಲೇಜಿನ ವಿದ್ಯಾರ್ಥಿ. ಅವರ ಮನೆಮಾತು ಕೊಂಕಣಿ. ಹೀಗೆ ಕವಿಗೂ ನಿರ್ದೇಶಕರಿಗೂ ಕನ್ನಡವು ಮನೆಯ ಮಾತಲ್ಲ, ಊರಿನಿಂದ ಬಂದ ಮಾತು. ಕಾರ್ನಾಡರ ಮೊದಲ ನಾಟಕ 'ಯಯಾತಿ'ಯನ್ನು ಧಾರವಾಡದ ಮನೋಹರ ಗ್ರಂಥಮಾಲೆಯು 1961ರಲ್ಲಿ ಪ್ರಕಟಿಸಿತು. ಅದನ್ನು ನಡೆಸುತ್ತಿದ್ದ ಜಿ. ಬಿ. ಜೋಶಿಯವರು ಗೆಳೆಯರ ಗುಂಪಿನ ಒಡನಾಡಿ.

ಕಾರ್ನಾಡರು 'ಸಂಸ್ಕಾರ' (1970) ಚಿತ್ರಕ್ಕೆ ಚಿತ್ರಕಥೆ ಬರೆದು, ಮುಖ್ಯ ಪಾತ್ರ ವಹಿಸಿದರು. ಬಿ. ವಿ. ಕಾರಂತರೊಂದಿಗೆ ನಿರ್ದೇಶಿಸಿದ 'ವಂಶವೃಕ್ಷ' (1971) ಇಬ್ಬರಿಗೂ ಶ್ರೇಷ್ಠ ನಿರ್ದೇಶನದ ರಾಷ್ಟ್ರಪ್ರಶಸ್ತಿ ತಂದಿತು. ಬೇಂದ್ರೆ ಕುರಿತ ಚಿತ್ರವು ಅದಕ್ಕೂ 'ಕಾಡು' (1973) ಚಿತ್ರಕ್ಕೂ ನಡುವಿನದು. ಆಗ ಕವಿಗೆ 76 ವರ್ಷ. ಜ್ಞಾನಪೀಠ ಇನ್ನೂ ಬಂದಿರಲಿಲ್ಲ. ಕವಿ ಸ್ವತಃ ಚಿತ್ರದಲ್ಲಿ ಕಾಣಿಸಿಕೊಂಡಿರುವುದರಿಂದ ಅದು ಬೇಂದ್ರೆಯವರನ್ನು ನೋಡದ ತಲೆಮಾರುಗಳಿಗೆ ಅಮೂಲ್ಯ ದಾಖಲೆಯಾಗಿದೆ. ಕಾರ್ನಾಡರು ಮುಂದೆ 'ಒಂದಾನೊಂದು ಕಾಲದಲ್ಲಿ' (1978), 'ಉತ್ಸವ್' (1984), 'ಕಾನೂರು ಹೆಗ್ಗಡಿತಿ' (1999) ಮೊದಲಾದ ಕಥಾಚಿತ್ರಗಳನ್ನು ನಿರ್ದೇಶಿಸಿದರು. ಹರಿದಾಸರನ್ನು ಕುರಿತ 'ಕನಕ-ಪುರಂದರ' (1988) ಅವರ ಮತ್ತೊಂದು ಸಾಕ್ಷ್ಯಚಿತ್ರ. 1998ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದಿತು.

ಗೌರವಗಳು ಮತ್ತು ನಿಧನ

ಬೇಂದ್ರೆಯವರ 'ಅರಳು ಮರಳು' ಕೃತಿಗೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಲಭಿಸಿತು. 1968ರಲ್ಲಿ ಪದ್ಮಶ್ರೀ ಗೌರವ ಬಂದಿತು. 1964ರಲ್ಲಿ ಪ್ರಕಟವಾದ 'ನಾಕುತಂತಿ'ಗೆ 1973ರ ಜ್ಞಾನಪೀಠ ಪ್ರಶಸ್ತಿ ಸಂದಿತು. ಆ ವರ್ಷದ ಪ್ರಶಸ್ತಿಯನ್ನು ಒಡಿಯಾ ಲೇಖಕ ಗೋಪೀನಾಥ ಮೊಹಾಂತಿಯವರೊಂದಿಗೆ ಹಂಚಿಕೊಂಡರು. ಒಂದು ಕವನಕ್ಕಾಗಿ ಸರಕಾರವೊಂದು ಊರಿನಿಂದ ದೂರವಿಟ್ಟ ಕವಿಯನ್ನು ಸ್ವತಂತ್ರ ದೇಶವು ಕವಿತೆಗಾಗಿಯೇ ಗೌರವಿಸಿತು.

ಬೇಂದ್ರೆಯವರು 1981ರ ಅಕ್ಟೋಬರ್ 26ರಂದು ಮುಂಬಯಿಯಲ್ಲಿ ನಿಧನರಾದರು. ಸಾಧನಕೇರಿಯಲ್ಲಿ ಅವರ ಹೆಸರಿನ ಸ್ಮಾರಕ ಭವನವಿದೆ.