ಮಾರ್ಷಲ್ ಯೂರಿಸ್ಟ್: ಮೂಳೆಯೊಳಗಿನ ಸಂದೇಶ ಹುಡುಕಿದ ವೈದ್ಯ

ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ವಿಜ್ಞಾನಿಯ ಬಗ್ಗೆ ಬರೆದುಕೊಡು ಎಂದು ಮುಖ್ಯೋಪಾಧ್ಯಾಯರು ಕೇಳಿದಾಗ ನಾನು ಮಾರ್ಷಲ್ ಯೂರಿಸ್ಟ್ ಅವರನ್ನು ಆರಿಸಿಕೊಂಡೆ. ಮೂಳೆ ವೈದ್ಯರ ಲೋಕದಲ್ಲಿ ಬಹಳ ದೊಡ್ಡ ಹೆಸರು; ನಮ್ಮೂರಿಗೆ ಹೊಸದು. ನಾನು ಬಿ.ಇ. ಓದಿದವನು, ಜೀವಶಾಸ್ತ್ರವನ್ನು ಈ ಶಾಲೆಯಲ್ಲೇ ಬಿಟ್ಟು ಹೋದವನು. ಪ್ರಯೋಗಾಲಯಗಳ ದಾಸ್ತಾನು ಲೆಕ್ಕವಿಡುವ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ಆ ಪಟ್ಟಿಯಲ್ಲಿ ‘ರಿಕಾಂಬಿನೆಂಟ್ ಹ್ಯೂಮನ್ ಬಿಎಂಪಿ-2’ ಎಂಬ ಪದಾರ್ಥವೊಂದಿತ್ತು. ಅಳತೆ 10 ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಂನ ಲಕ್ಷದಲ್ಲೊಂದು ಪಾಲು. ಕಣ್ಣಿಗೂ ಸರಿಯಾಗಿ ಕಾಣದ ಇದಕ್ಕೆ ಅಷ್ಟು ಬೆಲೆ ಏಕೆಂದು ಹುಡುಕುತ್ತಾ ಹೋದಾಗ ಸಿಕ್ಕವರು ಯೂರಿಸ್ಟ್.

ಅವರು ಹುಟ್ಟಿದ್ದು 1914ರಲ್ಲಿ, ಅಮೆರಿಕದ ಶಿಕಾಗೋದಲ್ಲಿ. 1941ರಲ್ಲಿ ಜಾನ್ಸ್ ಹಾಪ್‌ಕಿನ್ಸ್‌ನಿಂದ ವೈದ್ಯ ಪದವಿ ಪಡೆದರು. ಎರಡನೇ ಮಹಾಯುದ್ಧದಲ್ಲಿ ಸೇನೆಯ ವೈದ್ಯರಾಗಿ ದುಡಿದು, ಆಮೇಲೆ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಸೇರಿ ಕೊನೆಯವರೆಗೂ ಅಲ್ಲೇ ಉಳಿದರು. ಶಸ್ತ್ರಚಿಕಿತ್ಸಕರೂ ಹೌದು, ಸಂಶೋಧಕರೂ ಹೌದು. ಮೂಳೆಯ ಬಗ್ಗೆ ಫ್ರಾಂಕ್ಲಿನ್ ಮೆಕ್‌ಲೀನ್ ಅವರೊಡನೆ ಬರೆದ ಪುಸ್ತಕ 1955ರಲ್ಲಿ ಬಂತು. ಸುಮಾರು ಕಾಲು ಶತಮಾನ ಮೂಳೆ ವೈದ್ಯರ ಒಂದು ಪ್ರಮುಖ ಪತ್ರಿಕೆಯ ಸಂಪಾದಕರಾಗಿಯೂ ಇದ್ದರು.

ಮುರಿದ ಮೂಳೆ ಸಾಮಾನ್ಯವಾಗಿ ತಾನಾಗಿಯೇ ಕೂಡುತ್ತದೆ. ಬಿದಿರಿನ ದಬ್ಬೆ ಕಟ್ಟಿ ಅಲುಗಾಡದಂತೆ ಇಟ್ಟರೂ ಕೂಡಬಹುದು, ನಮ್ಮ ಹಿರಿಯರು ಕಂಡಿದ್ದೇ. ಕಷ್ಟವೆಲ್ಲ ಕೂಡದೇ ಉಳಿಯುವ ಮೂಳೆಯದು. ಅಂಥವರಿಗೆ ಅವರದೇ ಸೊಂಟದ ಮೂಳೆ ಕೆತ್ತಿ ತೆಗೆದು ಮುರಿದ ಜಾಗಕ್ಕೆ ತುಂಬುತ್ತಿದ್ದರು. ಒಂದು ಗಾಯ ಮಾಯಲು ಇನ್ನೊಂದು ಗಾಯ. ಹಾಗೆ ತುಂಬಿದ ಮೂಳೆ ಹೊಸ ಮೂಳೆಯನ್ನು ಹೇಗೆ ಬೆಳೆಸುತ್ತದೆ ಎಂಬುದು ಮಾತ್ರ ಸ್ಪಷ್ಟವಿರಲಿಲ್ಲ.

ಕೋಳಿಯ ಮೂಳೆಯನ್ನು ಕೆಲವು ದಿನ ವಿನೆಗರ್‌ನಲ್ಲಿ ಮುಳುಗಿಸಿಟ್ಟರೆ ಸುಣ್ಣದ ಅಂಶ ಕರಗಿ ರಬ್ಬರಿನಂತೆ ಬಾಗುತ್ತದೆ. ಒಂಬತ್ತನೇ ತರಗತಿಯಲ್ಲಿ ನಮ್ಮ ವಿಜ್ಞಾನ ಮೇಷ್ಟ್ರು ಇದನ್ನು ಮಾಡಿ ತೋರಿಸಿದ್ದರು. ಯೂರಿಸ್ಟ್ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ. ಹೀಗೆ ಮೆತ್ತಗಾದ, ಜೀವಕೋಶಗಳೆಲ್ಲ ಸತ್ತ ಮೂಳೆಯ ಚೂರನ್ನು ಮೊಲ, ಇಲಿ ಮುಂತಾದ ಪ್ರಾಣಿಗಳ ಸ್ನಾಯುವಿನೊಳಗೆ ಇಟ್ಟು ಹೊಲಿದರು. ಸ್ನಾಯುವಿನಲ್ಲಿ ಮೂಳೆ ಬೆಳೆಯುವ ರೂಢಿಯಿಲ್ಲ. ಆದರೆ ಕೆಲವು ವಾರಗಳಲ್ಲಿ ಅಲ್ಲಿ ಹೊಸ ಮೂಳೆ ಬಂತು, ಅದರೊಳಗೆ ಮಜ್ಜೆಯೂ ಬಂತು. ಸತ್ತ ಚೂರು ತಾನು ಬೆಳೆಯಲಾರದು. ಹಾಗಾದರೆ ಸುತ್ತಲಿನ ಜೀವಕೋಶಗಳಿಗೆ ಅದು ಏನನ್ನೋ ಹೇಳಿರಬೇಕು. 1965ರ ನವೆಂಬರಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಸುಣ್ಣ ತೆಗೆದ ಮೂಳೆಯನ್ನು ನಿಕೊಲಾಸ್ ಸೆನ್ ಎಂಬ ವೈದ್ಯರು 1889ರಲ್ಲೇ ರೋಗಿಗಳಿಗೆ ಬಳಸಿದ್ದರು. ಅದರೊಳಗೊಂದು ಸಂದೇಶವಿದೆ ಎಂದು ಬೆನ್ನು ಹತ್ತಿದವರು ಯೂರಿಸ್ಟ್. 1971ರಲ್ಲಿ ಆ ಸಂದೇಶವಾಹಕಕ್ಕೆ ಬೋನ್ ಮಾರ್ಫೊಜೆನೆಟಿಕ್ ಪ್ರೋಟೀನ್, ಚಿಕ್ಕದಾಗಿ ಬಿಎಂಪಿ, ಎಂದು ಹೆಸರಿಟ್ಟರು.

ಹೆಸರಿಟ್ಟರು ಸರಿ, ವಸ್ತು ಕೈಗೆ ಸಿಗಬೇಕಲ್ಲ! ಕಿಲೋಗಟ್ಟಲೆ ಹಸುವಿನ ಮೂಳೆ ಅರೆದು, ಆಮ್ಲದಲ್ಲಿ ತೊಳೆದು, ಸೋಸಿದರೂ ಸಿಗುತ್ತಿದ್ದುದು ಮೈಕ್ರೋಗ್ರಾಂ ಲೆಕ್ಕದಲ್ಲಿ, ಅದೂ ಬೇರೆ ಪ್ರೋಟೀನುಗಳ ಕಲಬೆರಕೆಯೊಂದಿಗೆ. ವರ್ಷಗಳು ಉರುಳಿದವು. ಭಾರತ ಮೂಲದ ಎ. ಹರಿ ರೆಡ್ಡಿ ಅವರು ಚಾರ್ಲ್ಸ್ ಹಗಿನ್ಸ್ ಜೊತೆ ಸೇರಿ, ಮೊದಲು ಮೃದ್ವಸ್ಥಿ, ಆಮೇಲೆ ಮೂಳೆ, ಕೊನೆಗೆ ಮಜ್ಜೆ ಎಂಬ ಕ್ರಮವನ್ನು ಇಲಿಗಳಲ್ಲಿ ಹಂತಹಂತವಾಗಿ ತೋರಿಸಿದರು. ಯೂರಿಸ್ಟ್ ಕಾದು ಕೂರಲಿಲ್ಲ. ಮನುಷ್ಯರ ಮೂಳೆಯಿಂದಲೇ ಬಿಎಂಪಿ ತೆಗೆದು, ತೊಡೆಯ ಮೂಳೆ ಎಷ್ಟು ಮಾಡಿದರೂ ಕೂಡದ ಕೆಲವು ರೋಗಿಗಳಿಗೆ ಸಹೋದ್ಯೋಗಿಗಳೊಡನೆ ಬಳಸಿ, ಅದರ ವರದಿಯನ್ನು 1988ರಲ್ಲಿ ಪ್ರಕಟಿಸಿದರು.

ಅದೇ ವರ್ಷ ಗಂಟು ಬಿಡಿಸಿದವರು ಬೇರೆಯವರು. ಮಸಾಚುಸೆಟ್ಸ್‌ನ ಒಂದು ಕಂಪನಿಯಲ್ಲಿ ಜಾನ್ ವೋಜ್ನಿ ತಂಡ ಮನುಷ್ಯನ ಬಿಎಂಪಿ ಜೀನ್‌ಗಳನ್ನು ಹಿಡಿಯಿತು. ಆ ಜೀನನ್ನು ಚೀನಾ ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಅಂಡಾಶಯದ ಜೀವಕೋಶಗಳಿಗೆ ಸೇರಿಸಿದರೆ ಅವು ಮನುಷ್ಯನ ಪ್ರೋಟೀನನ್ನೇ ತಯಾರಿಸಿ ಕೊಡುತ್ತವೆ. ಇದೇ ರಿಕಾಂಬಿನೆಂಟ್. ಇನ್ನು ಮೂಳೆ ಅರೆಯಬೇಕಿಲ್ಲ. ಒಂದು ತಮಾಷೆ: ಆಗ ಬಿಎಂಪಿ-1 ಎಂದು ಹೆಸರಿಟ್ಟದ್ದು ಆ ಕುಟುಂಬದ್ದೇ ಅಲ್ಲ, ಒಂದು ಕಿಣ್ವ ಎಂದು ಆಮೇಲೆ ತಿಳಿಯಿತು. ಹೆಸರು ಮಾತ್ರ ಹಾಗೇ ಉಳಿದಿದೆ. ನಮ್ಮ ಕೋಡ್‌ನಲ್ಲೂ ಹೀಗೆಯೇ, ಒಮ್ಮೆ ಇಟ್ಟ ಹೆಸರನ್ನು ಯಾರೂ ಮುಟ್ಟುವುದಿಲ್ಲ.

ಯೂರಿಸ್ಟ್ ತೀರಿಕೊಂಡದ್ದು 2001ರ ಫೆಬ್ರವರಿಯಲ್ಲಿ. 2002ರ ಜುಲೈನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಗೆ ಬಿಎಂಪಿ-2ನ್ನು ಒಪ್ಪಿತು. ಅದನ್ನು ಅವರು ನೋಡಲಿಲ್ಲವೆಂದು ನನಗೆ ಬೇಸರ. ಆಮೇಲಿನದ್ದನ್ನೂ ಅವರು ನೋಡಲಿಲ್ಲ. ಒಂದು ಕಿಲೋ ಮೂಳೆಯಲ್ಲಿ ಮೈಕ್ರೋಗ್ರಾಂ ಲೆಕ್ಕದಲ್ಲಿರುವ ವಸ್ತುವನ್ನು ರೋಗಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಹಾಕಬೇಕಾಯಿತು. ಒಪ್ಪಿಗೆಯಿಲ್ಲದ ಕುತ್ತಿಗೆಯ ಭಾಗಕ್ಕೂ ಕೆಲವರು ಬಳಸಿದರು. ಗಂಟಲು ಊದಿ ಉಸಿರಾಟಕ್ಕೇ ಕಷ್ಟವಾದ ಪ್ರಕರಣಗಳು ಬಂದು, 2008ರಲ್ಲಿ ಅದೇ ಸಂಸ್ಥೆ ಎಚ್ಚರಿಕೆ ಹೊರಡಿಸಿತು. ಇಷ್ಟು ಪ್ರಬಲವಾದ ಸಂದೇಶವನ್ನು ಎಷ್ಟು, ಎಲ್ಲಿ, ಎಷ್ಟು ಹೊತ್ತು ಕೊಡಬೇಕು ಎಂಬುದೇ ಈಗಿನ ಸಂಶೋಧನೆ. ನಮ್ಮ ಪಟ್ಟಿಯ 10 ಮೈಕ್ರೋಗ್ರಾಂ ಬಾಟಲಿಗಳು ಇಂಥ ಪ್ರಯೋಗಾಲಯಗಳಿಗೇ ಹೋಗುವುದು.

ಬಾಟಲಿಯಲ್ಲಿರುವ ಪ್ರೋಟೀನು ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ನೋಡಲು ಒಂದು ಪರೀಕ್ಷೆಯಿದೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದ, ಇಲಿಯ ಸ್ನಾಯುವಿನಿಂದ ಬಂದ ಜೀವಕೋಶಗಳ ಮೇಲೆ ಅದನ್ನು ಹಾಕಿ, ಅವು ಸ್ನಾಯುವಾಗುವುದನ್ನು ಬಿಟ್ಟು ಮೂಳೆಯ ದಾರಿ ಹಿಡಿಯುತ್ತವೆಯೇ ಎಂದು ನೋಡುತ್ತಾರೆ.